ಅತ್ತೆ ಹೆತ್ತಿದ್ದು ಮೂರಲ್ಲ, ನಾಲ್ಕು

ಈ ವಾರದ ಪತ್ರಗಳಲ್ಲಿ ಇದೊಂದನ್ನು ಓದಿದ ಮೇಲೆ ಬೇರೆ ಯಾವುದಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ.

ಬರೆದವರು ಲಗ್ಗೆರೆ ಕಡೆಯವರು. ವಯಸ್ಸು 27, ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚೊಚ್ಚಲ ಬಸುರಿ, 24 ವಾರ ತುಂಬಿದೆ. ಧನುರ್ವಾಯು ಬಾರದಂತೆ ತಡೆಯುವ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂತ ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದ್ದಾರೆ, ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪಿಸಿದ್ದಾರೆ. ಇನ್ನೂ ಹಾಕಿಸಿಕೊಂಡಿಲ್ಲ. ಅತ್ತೆ ಬೇಡ ಅಂತಾರೆ: 'ನಾನು ಮೂರು ಹೆತ್ತೆ, ಒಂದಕ್ಕೂ ಸೂಜಿ ಚುಚ್ಚಿಸಿಕೊಂಡವಳಲ್ಲ.' ಆ ಇಂಜೆಕ್ಷನ್ ಹಾಕಿಸಿಕೊಂಡರೆ ಮುಂದೆ ಮಕ್ಕಳೇ ಆಗಲ್ಲ ಅಂತ ಭಾವ ಒಂದು ವಿಡಿಯೋ ಕಳಿಸಿದ್ದಾರೆ. ಗಂಡ ಹೇಳುವುದು ಇಷ್ಟು: 'ಅಮ್ಮನ ಮನಸ್ಸು ನೋಯಿಸೋದು ಬೇಡ, ಹೆರಿಗೆ ಹೇಗಿದ್ರೂ ಆಸ್ಪತ್ರೆಯಲ್ಲೇ ಅಲ್ವಾ.' ತಾಯಿ ಕಾರ್ಡ್ ಅತ್ತೆಯ ಬೀರುವಿನಲ್ಲಿದೆ. ಮನೆಯಲ್ಲಿ ಜಗಳ ಆಗದ ಹಾಗೆ ಅತ್ತೆಯನ್ನು ಒಪ್ಪಿಸುವುದು ಹೇಗೆ ಅನ್ನುವುದು ಇವರ ಪ್ರಶ್ನೆ.

ಪ್ರಶ್ನೆ ಇರಲಿ. ನೀವು ಸೀಮಂತದ ಸೀರೆ, ಛತ್ರ, ಊಟದ ವಿಷಯ ಬರೆಯುತ್ತಾ ಮಧ್ಯದಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅದನ್ನು ಇಲ್ಲಿ ಹಾಗೇ ಹಾಕುತ್ತೇನೆ: 'ಅತ್ತೆಗೆ ಬಾಣಂತನ ಅಂದ್ರೆ ಭಯ ಜಾಸ್ತಿ, ಅವರ ಮೊದಲನೇ ಮಗು ಎಂಟನೇ ದಿನಕ್ಕೆ ಬಾಲಗ್ರಹ ಆಗಿ ಹೋಯ್ತಂತೆ, ಚೆನ್ನಾಗಿ ಹಾಲು ಕುಡೀತಿದ್ದ ಮಗು ಇದ್ದಕ್ಕಿದ್ದ ಹಾಗೆ ಬಾಯಿ ಕಚ್ಚಿಕೊಂಡು ಸೆಟೆದುಕೊಂಡಿತಂತೆ.'

ಅಂದರೆ ನಿಮ್ಮ ಅತ್ತೆ ಹೆತ್ತಿದ್ದು ಮೂರಲ್ಲ, ನಾಲ್ಕು. ನಾಲ್ಕನೆಯದನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡುವುದನ್ನು ಅವರು ಕಲಿತಿದ್ದಾರೆ, ಅಷ್ಟೇ.

ನಾನು ಡಾಕ್ಟರ್ ಅಲ್ಲ. ಮಾಗಡಿ ಹತ್ತಿರದ ಹಳ್ಳಿಯೊಂದರಲ್ಲಿ ನಲವತ್ತು ವರ್ಷದ ಹಿಂದೆ ಹೋದ ಮಗುವಿಗೆ ಏನಾಗಿತ್ತು ಅಂತ ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ಹುಟ್ಟಿದ ಮಗುವಿಗೆ ಧನುರ್ವಾಯು ಬಂದರೆ ಹೇಗಿರುತ್ತದೆ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಮಗು ಚೆನ್ನಾಗಿಯೇ ಹುಟ್ಟುತ್ತದೆ. ಮೊದಲ ಎರಡು ದಿನ ಅಳುತ್ತದೆ, ಹಾಲು ಕುಡಿಯುತ್ತದೆ. ಆಮೇಲೆ, ಸಾಮಾನ್ಯವಾಗಿ ಮೂರರಿಂದ ಹದಿನಾಲ್ಕು ದಿನದೊಳಗೆ, ದವಡೆ ಬಿಗಿಯುತ್ತದೆ, ಮೊಲೆ ಹಿಡಿಯಲು ಆಗುವುದಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಮುಟ್ಟಿದರೆ, ಸದ್ದಾದರೆ, ಬೆಳಕು ಬಿದ್ದರೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಆಸ್ಪತ್ರೆಗೆ ಸೇರಿಸದಿದ್ದರೆ ಬಹುತೇಕ ಉಳಿಯುವುದಿಲ್ಲ, ಸೇರಿಸಿದರೂ ಎಷ್ಟೋ ಮಕ್ಕಳು ಉಳಿಯುವುದಿಲ್ಲ. ಇದನ್ನೇ ನಮ್ಮ ಹಳ್ಳಿಗಳಲ್ಲಿ ಬಾಲಗ್ರಹ ಅಂದರು, ದೃಷ್ಟಿ ಅಂದರು, ಗ್ರಹಣ ನೋಡಿದಳು ಅಂದರು. ಕೊನೆಗೆ ತಪ್ಪು ಬಾಣಂತಿಯ ತಲೆಗೇ ಬಂತು.

1988ರಲ್ಲಿ ಈ ಕಾಯಿಲೆಯಿಂದ ಪ್ರಪಂಚದಲ್ಲಿ ಸುಮಾರು 7 ಲಕ್ಷ 87 ಸಾವಿರ ಹಸುಗೂಸುಗಳು ಸತ್ತವು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಒಂದೇ ವರ್ಷದಲ್ಲಿ. ನಮ್ಮ ದೇಶದಲ್ಲಿ ಎಲ್ಲರಿಗೂ ಲಸಿಕೆ ಕೊಡುವ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ, ಅದೂ ಜಿಲ್ಲೆಯಿಂದ ಜಿಲ್ಲೆಗೆ ನಿಧಾನವಾಗಿ ಹೋಯಿತು. ನಿಮ್ಮ ಅತ್ತೆ ಮೊದಲ ಸಲ ಬಸುರಿಯಾದಾಗ ಅವರ ಮನೆ ಬಾಗಿಲಿಗೆ ಯಾವ ಸಿಸ್ಟರ್ ಬಂದಿದ್ದರು ಹೇಳಿ? ಸೂಜಿ ಬೇಡ ಅಂದವರಲ್ಲ ಅವರು. ಸೂಜಿ ಅವರಿಗೆ ಸಿಗಲೇ ಇಲ್ಲ.

ಅದಕ್ಕೇ ನನಗೆ ಅವರ ಮೇಲೆ ಸ್ವಲ್ಪವೂ ಕೋಪ ಇಲ್ಲ. ಮೊದಲ ಮಗುವನ್ನು ಮಣ್ಣು ಮಾಡಿ ಬಂದು, ಅದರ ಬಗ್ಗೆ ಯಾರ ಜೊತೆಯೂ ಮಾತಾಡದೆ ಇಷ್ಟು ವರ್ಷ ಬದುಕಿದ ಹೆಂಗಸು ಈಗ ಸೊಸೆ ಬಸುರಿಯಾದಾಗ ಹೊಸದೇನು ಬಂದರೂ ಹೆದರುತ್ತಾರೆ. ತಾಯಿ ಕಾರ್ಡನ್ನು ಬೀರುವಿನಲ್ಲಿ ಒಡವೆ ಪಕ್ಕ ಇಟ್ಟಿರುವುದೂ ಆ ಭಯಕ್ಕೇ ಇರಬಹುದು.

ಕೋಪ ಬಂದಿರುವುದು ನಿಮ್ಮ ಗಂಡನ ಮೇಲೆ. ಸೀಮಂತಕ್ಕೆ ಛತ್ರ ಬುಕ್ ಮಾಡಿದ್ದಾರೆ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ, ಅಣ್ಣನ ವಿಡಿಯೋ ಪೂರ್ತಿ ನೋಡಿದ್ದಾರೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಸಿಸ್ಟರ್ ಹತ್ತಿರ ಐದು ನಿಮಿಷ ಮಾತಾಡಲು ಮಾತ್ರ ಪುರುಸೊತ್ತು ಇಲ್ಲ. 'ಅಮ್ಮನ ಮನಸ್ಸು ನೋಯಿಸೋದು ಬೇಡ' ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಅಮ್ಮ ಮತ್ತು ಹೆಂಡತಿಯ ನಡುವೆ ನಿಂತು ಮಾತಾಡಬೇಕಾದವರು ಇವರೇ. ಇವರು ಪಕ್ಕಕ್ಕೆ ಸರಿದಿದ್ದಕ್ಕೆ ತಾನೇ ಈ ಪತ್ರ ನನ್ನ ಹತ್ತಿರ ಬಂದಿದ್ದು. ಈ ಅಂಕಣಕ್ಕೆ ಬರುವ ಅತ್ತೆ-ಸೊಸೆ ಪತ್ರಗಳಲ್ಲಿ ಮುಕ್ಕಾಲು ಪಾಲು ನಿಜವಾಗಿ ಸುಮ್ಮನಿರುವ ಗಂಡಂದಿರ ಪತ್ರಗಳು. ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತದೆ ಅನ್ನುವ ಅವರ ಮಾತಿಗೆ ಉತ್ತರ ಇದು. ಹೊಕ್ಕುಳಬಳ್ಳಿ ಕತ್ತರಿಸಲು ಶುದ್ಧವಾದ ಬ್ಲೇಡು, ಶುದ್ಧವಾದ ಕೈ ಬೇಕೇ ಬೇಕು, ಅದರಿಂದ ಅಪಾಯ ತುಂಬಾ ಕಡಿಮೆ ಆಗುತ್ತದೆ. ಆದರೆ ಮಗು ಮನೆಗೆ ಬರುವಾಗ ಹೊಕ್ಕುಳ ಇನ್ನೂ ಒಣಗಿರುವುದಿಲ್ಲ. ಅದು ಉದುರಲು ಒಂದೆರಡು ವಾರ ಬೇಕು. ಆ ದಿನಗಳಲ್ಲಿ ಯಾರೋ ಹಿರಿಯರು ಪ್ರೀತಿಯಿಂದಲೇ ಸಗಣಿ ಬೂದಿಯೋ, ಅರಿಶಿನವೋ, ಎಣ್ಣೆಯೋ ಹಚ್ಚುತ್ತಾರೆ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ. ಅದು ಬೀಜದ ರೂಪದಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನೀರು ಕುದಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ಹೊಕ್ಕುಳಿಗೆ ಏನೂ ಹಚ್ಚಬೇಡಿ. ಏನೂ ಅಂದರೆ ಏನೂ.

'ಈಗ ಆ ಕಾಯಿಲೆ ಎಲ್ಲಿದೆ' ಅಂತ ಕೇಳುವವರೂ ಇದ್ದಾರೆ. ತಾಯಿ ಮತ್ತು ಶಿಶುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಅಂತ 2015ರಲ್ಲಿ ಘೋಷಣೆ ಆಯಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಅನ್ನುವ ಮಟ್ಟಕ್ಕೆ ಇಳಿಯಿತು ಅಂತ ಅದರ ಅರ್ಥ. ಇಳಿದಿದ್ದೇ ಈ ಇಂಜೆಕ್ಷನ್ ಮತ್ತು ಆಸ್ಪತ್ರೆ ಹೆರಿಗೆಯಿಂದ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದಡಾರದ ಹಾಗೆ ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮಣ್ಣಿನಿಂದ ಬರುತ್ತದೆ. ಲಗ್ಗೆರೆಯವರೆಲ್ಲ ಹಾಕಿಸಿಕೊಂಡು ನೀವೊಬ್ಬರು ಬಿಟ್ಟರೆ, ಅವರ ಲಸಿಕೆಯಿಂದ ನಿಮ್ಮ ಮಗುವಿಗೆ ಏನೂ ಪ್ರಯೋಜನ ಇಲ್ಲ. ನಿಮ್ಮ ಮೈಯಲ್ಲಿ ತಯಾರಾದ ರಕ್ಷಣೆ ಮಾಸುಚೀಲದ ಮೂಲಕ ಮಗುವಿಗೆ ಹೋಗಬೇಕು. ಈ ಕಾಯಿಲೆಗೆ ಮಗುವಿನ ಸ್ವಂತ ಲಸಿಕೆ ಶುರುವಾಗುವುದು ಒಂದೂವರೆ ತಿಂಗಳಿಗೆ. ಅಲ್ಲಿಯವರೆಗೆ ಅದಕ್ಕೆ ಇರುವುದು ನೀವು ಕೊಟ್ಟಿದ್ದು ಮಾತ್ರ.

ಭಾವನ ವಿಡಿಯೋಗೆ ಜಾಸ್ತಿ ಜಾಗ ಕೊಡುವುದಿಲ್ಲ. ಮಕ್ಕಳಾಗದಂತೆ ಮಾಡುವ ಹಾರ್ಮೋನ್ ಇದರಲ್ಲಿದೆ ಅನ್ನುವ ಪುಕಾರು 1990ರ ದಶಕದಲ್ಲೇ ಮೆಕ್ಸಿಕೋ, ಫಿಲಿಪ್ಪೀನ್ಸ್‌ನಲ್ಲಿ ಎದ್ದಿತ್ತು, 2014ರಲ್ಲಿ ಕೀನ್ಯಾದಲ್ಲಿ ಮತ್ತೆ ಎದ್ದಿತು. ಅದೇ ಈಗ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದಿದೆ. ಮೊದಲ ಬಸುರಿನಲ್ಲಿ ಇದೇ ಇಂಜೆಕ್ಷನ್ ಹಾಕಿಸಿಕೊಂಡು ಎರಡನೆಯದನ್ನು ಹೆತ್ತವರು ನಿಮ್ಮ ಬೀದಿಯಲ್ಲೇ ಎಷ್ಟು ಜನ ಇಲ್ಲ? ಇದರಲ್ಲಿ ಜೀವಂತ ರೋಗಾಣು ಇಲ್ಲ, ಶಕ್ತಿ ಕಳೆದ ವಿಷ ಮಾತ್ರ ಇದೆ. ಅದನ್ನು ಗುರುತು ಹಿಡಿದು ಎದುರಿಸುವುದನ್ನು ಮೈ ಕಲಿಯುತ್ತದೆ. ತೋಳು ಒಂದೆರಡು ದಿನ ನೋಯಬಹುದು, ಸ್ವಲ್ಪ ಮೈ ಬಿಸಿಯಾಗಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅತ್ತೆಯನ್ನು ಒಪ್ಪಿಸಬೇಡಿ. ನಾಳೆ ಬೆಳಗ್ಗೆ ಹೋಗಿ ಹಾಕಿಸಿಕೊಳ್ಳಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಗಂಡನದೂ ಬೇಡ. ನಿಮ್ಮ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಈಗ ಅಲ್ಲಿ ಕೊಡುವುದು ಟಿಡಿ, ಗಂಟಲುಮಾರಿಗೂ ಸೇರಿಸಿ. ಜನ ಹಳೇ ರೂಢಿಯಲ್ಲಿ ಟಿಟಿ ಅಂತಲೇ ಕರೆಯುತ್ತಾರೆ, ಗಾಬರಿಯಾಗಬೇಡಿ. ನಾಲ್ಕು ವಾರ ಬಿಟ್ಟು ಎರಡನೇ ಡೋಸ್. ಇದು ಹೆರಿಗೆಗೆ ಎರಡು ವಾರ ಮುಂಚೆಯಾದರೂ ಮುಗಿದಿರಬೇಕು, ನಿಮಗೆ ಬೇಕಾದಷ್ಟು ಸಮಯ ಇದೆ. ನಾಯಿಕೆಮ್ಮಿಗೂ ಸೇರಿದ ಇಂಜೆಕ್ಷನ್ ಖಾಸಗಿ ಡಾಕ್ಟರುಗಳು 27ರಿಂದ 36ನೇ ವಾರದ ನಡುವೆ ಕೊಡುತ್ತಾರೆ. ಎರಡನೇ ಡೋಸಿನ ಜಾಗದಲ್ಲಿ ಅದು ಆಗುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅದಕ್ಕಾಗಿ ಮೊದಲನೆಯದನ್ನು ಮುಂದಕ್ಕೆ ಹಾಕಬೇಡಿ.

ತಾಯಿ ಕಾರ್ಡನ್ನು ಇವತ್ತು ರಾತ್ರಿಯೇ ಕೇಳಿ ಈಸಿಕೊಳ್ಳಿ. ಕೊಡದಿದ್ದರೆ ಕಾರ್ಡಿಲ್ಲದೆ ಹೋಗಿ, ಸಿಸ್ಟರ್‌ಗೆ ಹೇಳಿ, ಅವರ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇರುತ್ತದೆ. ಇನ್ನು ಮುಂದೆ ಆ ಕಾರ್ಡ್ ನಿಮ್ಮ ಬ್ಯಾಗಿನಲ್ಲೇ ಇರಲಿ. ರಾತ್ರಿ ಎರಡು ಗಂಟೆಗೆ ನೋವು ಬಂದಾಗ ಬೀರುವಿನ ಬೀಗದ ಕೈ ಹುಡುಕಲು ಆಗುತ್ತದಾ?

ಒಂದು ಮಾತು ಮಾತ್ರ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಎಷ್ಟೇ ಜಗಳ ಆಗಲಿ, 'ಇಂಜೆಕ್ಷನ್ ಇಲ್ಲದ್ದಕ್ಕೇ ನಿಮ್ಮ ಮಗು ಹೋಯ್ತು' ಅಂತ ಅತ್ತೆಗೆ ಹೇಳಬೇಡಿ. ಈ ಅಂಕಣವನ್ನೂ ಅವರಿಗೆ ಓದಿ ಹೇಳಬೇಡಿ. ಅವರಾಗಿ ಆ ಮಗುವಿನ ಮಾತು ಎತ್ತಿದರೆ ಪಕ್ಕದಲ್ಲಿ ಕೂತು ಕೇಳಿ, ಗಂಡಾ ಹೆಣ್ಣಾ ಅಂತ ಕೇಳಿ, ಹೆಸರು ಇಟ್ಟಿದ್ದರಾ ಅಂತ ಕೇಳಿ.

ಓದಿ ಹೇಳಬೇಕಾಗಿರುವುದು ಗಂಡನಿಗೆ. ಹಾಕಿಸಿಕೊಂಡು ಬಂದ ವಿಷಯವನ್ನು ಅವರಮ್ಮನಿಗೆ ತಿಳಿಸುವುದು ಅವರ ಕೆಲಸ, ನಿಮ್ಮದಲ್ಲ. ಎರಡನೇ ಡೋಸಿನ ದಿನ ಅವರು ಅರ್ಧ ದಿನ ರಜೆ ಹಾಕಿ ನಿಮ್ಮ ಜೊತೆ ಬರಲಿ. ಹೊಕ್ಕುಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಸಿಸ್ಟರ್ ಬಾಯಿಂದಲೇ ಕೇಳಿಸಿಕೊಂಡು, ಮನೆಗೆ ಬಂದು ಅಮ್ಮನಿಗೆ ಹೇಳಲಿ.