ಮಾದರಿ ಸರಿಯಾಗಿ ಕೂತರೆ ಸಾಕೇ?

ಪ್ರಶ್ನೆ: ಜೀನ್‌ಗಳ ಜಾಲಕ್ಕೆ, ಅಂದರೆ ಯಾವ ಜೀನ್ ಯಾವುದನ್ನು ಏರಿಸುತ್ತದೆ, ಯಾವುದನ್ನು ಅದುಮುತ್ತದೆ ಎಂಬ ನಕ್ಷೆಗೆ, ಕಂಪ್ಯೂಟರ್ ಮಾದರಿ ಮಾಡಿದ್ದೇನೆ. ಅದರ ಗ್ರಾಫ್ ಈಗಾಗಲೇ ಇರುವ ಅಳತೆಗಳಿಗೆ ಚೆನ್ನಾಗಿ ಹೊಂದುತ್ತಿದೆ. ಇನ್ನು ಲ್ಯಾಬಿನಲ್ಲಿ ಪ್ರಯೋಗ ಯಾಕೆ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಬೇಸರವಾಗುತ್ತದೆ. ಬೇಕಾದ ಹಾಗೆ ಬದಲಿಸಲು ಹತ್ತು ಅಂಕಿಗಳು ಕೈಯಲ್ಲಿದ್ದರೆ ತಪ್ಪು ಮಾದರಿಯೂ ಗ್ರಾಫಿಗೆ ಹೊಂದುತ್ತದೆ.

2000ದಲ್ಲಿ ಮೈಕಲ್ ಎಲೊವಿಟ್ಜ್ ಮತ್ತು ಸ್ಟಾನಿಸ್ಲಾಸ್ ಲೈಬ್ಲರ್ ಎಂಬ ವಿಜ್ಞಾನಿಗಳು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮೂರೇ ಜೀನ್‌ಗಳ ಸುತ್ತು ಕಟ್ಟಿದರು. ಮೊದಲನೆಯದು ಎರಡನೆಯದನ್ನು ಅದುಮುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ಈ ಜೀನ್‌ಗಳು ಮಾಡುವ ಪ್ರೋಟೀನ್‌ಗಳು ಬೇಗ ಕರಗಿದರೆ ಅವುಗಳ ಪ್ರಮಾಣದಲ್ಲಿ ಲಯಬದ್ಧ ಏರಿಳಿತ ಸುಲಭವಾಗಿ ಹುಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದರು. ಅದಕ್ಕೇ ಪ್ರತಿ ಪ್ರೋಟೀನ್‌ಗೂ ಒಂದು ಪುಟ್ಟ ಬಾಲ ಸೇರಿಸಿದರು. ಬಾಲವಿದ್ದ ಪ್ರೋಟೀನನ್ನು ಜೀವಕೋಶವೇ ಕತ್ತರಿಸಿ ಹಾಕುತ್ತದೆ. ಏರಿಳಿತ ಕಣ್ಣಿಗೆ ಕಾಣಲೆಂದು ಹಸಿರಾಗಿ ಹೊಳೆಯುವ ಪ್ರೋಟೀನನ್ನೂ ಸುತ್ತಿಗೆ ಜೋಡಿಸಿದ್ದರು. ಕೋಶಗಳು ಸುಮಾರು ಎರಡೂವರೆ ಗಂಟೆಗೊಮ್ಮೆ ಹಸಿರಾಗಿ ಹೊಳೆದು ಮಂಕಾದವು. ಆದರೆ ಸುಮಾರು 40% ಕೋಶಗಳಲ್ಲಿ ಮಾತ್ರ. ಒಂದೇ ತಾಯಿಕೋಶದಿಂದ ಬಂದವೂ ಬರುಬರುತ್ತಾ ಲಯ ತಪ್ಪಿದವು.

2016ರಲ್ಲಿ ಹಾರ್ವರ್ಡ್‌ನ ಯೋಹಾನ್ ಪಾಲ್ಸನ್ ತಂಡ ಅದೇ ಸುತ್ತನ್ನು ಮತ್ತೆ ಕೈಗೆತ್ತಿಕೊಂಡಿತು. ಬೇರೆ ಕೆಲವು ತಿದ್ದುಪಡಿಗಳ ಜೊತೆಗೆ ಆ ಬಾಲವನ್ನೇ ತೆಗೆದರು. ಲಯ ಎಷ್ಟೋ ಸ್ಥಿರವಾಯಿತು! ಬಾಲವಿದ್ದ ಪ್ರೋಟೀನ್‌ಗಳೆಲ್ಲ ಕತ್ತರಿಸುವ ಒಂದೇ ಯಂತ್ರದ ಮುಂದೆ ನಿಲ್ಲಬೇಕಿತ್ತು, ಬೀದಿ ನಲ್ಲಿ ಮುಂದೆ ಕೊಡಗಳು ನಿಂತ ಹಾಗೆ. ಒಂದು ಜಾಸ್ತಿಯಾದರೆ ಉಳಿದವು ಕಾಯಬೇಕು. ಮೂರು ಜೀನ್‌ಗಳ ಚಿತ್ರದಲ್ಲಿ ಈ ಸಾಲು ಇರಲೇ ಇಲ್ಲ. ಜೀವಂತ ಕೋಶಗಳನ್ನು ಒಂದೊಂದಾಗಿ, ಎಷ್ಟೋ ತಲೆಮಾರು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಅವರಿಗೆ ಇದು ಖಚಿತವಾಗಿದ್ದು.

ಹಾಗಾಗಿ ಹೀಗೆ ಮಾಡಿ. ಮಾದರಿಗೆ ಕೊಡದ ಒಂದು ಪ್ರಯೋಗ ಆರಿಸಿ. ಒಂದು ಜೀನ್ ತೆಗೆದರೆ ಏನಾಗುತ್ತದೆ ಎಂದು ಮಾದರಿಯನ್ನು ಕೇಳಿ, ಉತ್ತರವನ್ನು ತಾರೀಖು ಹಾಕಿ ಬರೆದಿಡಿ. ಆಮೇಲೆ ಲ್ಯಾಬಿಗೆ ಹೋಗಿ. ಲಕ್ಷಾಂತರ ಕೋಶಗಳ ಸರಾಸರಿಯನ್ನು ಮಾತ್ರ ನೋಡಿ ಮಾಡಿದ ಮಾದರಿಯನ್ನು ನಾನಂತೂ ಸುಲಭವಾಗಿ ನಂಬುವುದಿಲ್ಲ.

ಪ್ರಶ್ನೆ: ಜಾಲದ ಚಿತ್ರದಲ್ಲಿ ಬೇರೆ ಜೀನ್‌ಗಳ ಜೊತೆಗಿನ ನಂಟು ತೋರಿಸುವ ಗೆರೆಗಳು ಜಾಸ್ತಿ ಸೇರುವ ಜೀನೇ ಕಾಯಿಲೆಯ ಮೂಲ ಅಲ್ವಾ?

ಉತ್ತರ: ಅಲ್ಲ, ಜಾಸ್ತಿ ಜನ ಅಧ್ಯಯನ ಮಾಡಿದ ಜೀನ್‌ಗೂ ಜಾಸ್ತಿ ಗೆರೆ ಬರುತ್ತದೆ.

ಪ್ರಶ್ನೆ: ಜೊಲ್ಲು ಪರೀಕ್ಷಿಸಿ, ಜೀನ್ ಜಾಲ ಓದಿ, ನಮಗೇ ತಕ್ಕ ಪುಡಿ ಕೊಡುತ್ತಾರಂತೆ. ಶುಗರ್ ಮಾತ್ರೆ ಬಿಡಬಹುದಾ?

ಉತ್ತರ: ಖಂಡಿತ ಬೇಡ! ಮೂರು ಜೀನ್‌ಗಳ ಸುತ್ತನ್ನು ಹದಕ್ಕೆ ತರಲು 16 ವರ್ಷ ಹಿಡಿಯಿತು. ಪ್ರೋಟೀನ್ ಮಾಡುವ ಜೀನ್‌ಗಳೇ ನಮ್ಮಲ್ಲಿ ಸುಮಾರು 20,000 ಇವೆ. ಅದನ್ನೆಲ್ಲ ಓದಿ ಪುಡಿ ಕಲಸುತ್ತೇವೆ ಅನ್ನುವುದು ಸುಳ್ಳು, ಮೋಸ. ನಿಮ್ಮ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.