ಓದುಗರ ಪ್ರಶ್ನೆ: ಚಿಮಣಿ, ಬಾಯ್ಲರ್ ಪರೀಕ್ಷೆಗೆ ಡ್ರೋನ್ ಸಾಕೇ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಪ್ರತಿ ವರ್ಷ ಚಿಮಣಿಗೂ ಬಾಯ್ಲರಿನ ಒಳಗೂ ಸಾರುವೆ ಕಟ್ಟಿ, ಜನರನ್ನು ಹತ್ತಿಸಿ ಪರೀಕ್ಷಿಸುತ್ತೇವೆ. ಡ್ರೋನ್ ಬಳಸಿದರೆ ಸಾರುವೆಯನ್ನು ಬಿಟ್ಟುಬಿಡಬಹುದೇ? ಅನುಮತಿ ಬೇಕೇ?

ಉತ್ತರ: ಸಾರುವೆಯನ್ನು ಬಹಳಷ್ಟು ಕಡಿಮೆ ಮಾಡಬಹುದು, ಪೂರ್ತಿ ಬಿಡಲಾಗದು. ಡ್ರೋನಿಗೆ ಕಾಣುವುದು ಮೇಲ್ಮೈ ಮಾತ್ರ. ಮನುಷ್ಯ ಎಲ್ಲಿ ಹತ್ತಲೇಬೇಕು ಎಂಬುದನ್ನು ಅದು ತೋರಿಸಿಕೊಟ್ಟರೆ, ಆ ಒಂದೆರಡು ಜಾಗಗಳಿಗಷ್ಟೇ ಜನರನ್ನು ಕಳುಹಿಸಿದರಾಯಿತು. ಎತ್ತರದಲ್ಲಿ ದುಡಿಯುವ ಕಾರ್ಮಿಕನ ಜೀವದ ದೃಷ್ಟಿಯಿಂದ ಇದೇ ದೊಡ್ಡ ಲಾಭ. ಉಳಿಯುವ ಹಣ ಆಮೇಲಿನ ಮಾತು.

ಚಿಮಣಿಯ ಹೊರಮೈ ಸುಲಭದ ಕೆಲಸ. ಕಾಂಕ್ರೀಟಿನ ಬಿರುಕು, ಹೊರಗೆ ಇಣುಕುವ ಕಂಬಿ, ತುಕ್ಕಿನ ಗೆರೆ, ತುಂಡಾದ ಸಿಡಿಲು ವಾಹಕ, ಇವೆಲ್ಲ ಒಳ್ಳೆಯ ಕ್ಯಾಮೆರಾಕ್ಕೆ ಸಿಗುತ್ತವೆ.

ಬಾಯ್ಲರಿನ ಒಳಗೆ ಮಾತ್ರ ಮದುವೆ ವಿಡಿಯೊ ತೆಗೆಯುವ ಡ್ರೋನ್ ನಡೆಯುವುದಿಲ್ಲ. ಉಕ್ಕಿನ ಗೋಡೆಗಳ ನಡುವೆ ಉಪಗ್ರಹ ಸಂಕೇತ ಸಿಗದು, ದಿಕ್ಸೂಚಿಯೂ ತಪ್ಪುತ್ತದೆ. ಆದ್ದರಿಂದ ಸುತ್ತ ಪಂಜರವಿದ್ದು, ಗೋಡೆಗೆ ತಾಗಿದರೂ ಬೀಳದ, ತನ್ನದೇ ದೀಪವಿರುವ ಡ್ರೋನೇ ಬೇಕು. ಕಬ್ಬಿನ ಸಿಪ್ಪೆಯ ಬೂದಿಯನ್ನು ಮೊದಲೇ ತೆಗೆಯದಿದ್ದರೆ ರೆಕ್ಕೆಗಳ ಗಾಳಿಗೆ ಅದು ಮೇಲೆದ್ದು ಚಿತ್ರವೆಲ್ಲ ಮಬ್ಬಾಗುತ್ತದೆ. ಉಬ್ಬಿದ ಟ್ಯೂಬು, ಉದುರಿದ ಬೆಂಕಿಯಿಟ್ಟಿಗೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಬೂದಿಯ ಉಜ್ಜಾಟಕ್ಕೆ ಟ್ಯೂಬಿನ ಗೋಡೆ ಎಷ್ಟು ತೆಳುವಾಗಿದೆ ಎಂಬುದನ್ನು ಚಿತ್ರ ಹೇಳಲಾರದು, ಅದಕ್ಕೆ ಲೋಹವನ್ನು ಮುಟ್ಟಿ ಅಳೆಯುವ ಅಲ್ಟ್ರಾಸಾನಿಕ್ ಮಾಪಕ ಬೇಕು. ಟ್ಯೂಬಿನೊಳಗೆ, ನೀರು ಹರಿಯುವ ಬದಿಯಲ್ಲಿ ಕಟ್ಟಿಕೊಂಡ ಪದರ ಹೊರಗಿನ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಬಾಯ್ಲರ್ ಇನ್ಸ್‌ಪೆಕ್ಟರರ ತಪಾಸಣೆಗೂ ಜಲಒತ್ತಡ ಪರೀಕ್ಷೆಗೂ ಡ್ರೋನ್ ಚಿತ್ರ ಬದಲಿಯಲ್ಲ. ಜನ ಒಳಗೆ ಇಳಿಯುವುದಾದರೆ ಮುಚ್ಚಿದ ಜಾಗಕ್ಕೆ ಇಳಿಯುವಾಗಿನ ಸುರಕ್ಷತಾ ಮುನ್ನೆಚ್ಚರಿಕೆಗಳು ಎಂದಿನಂತೆ ಕಡ್ಡಾಯ.

ಥರ್ಮಲ್ ಕ್ಯಾಮೆರಾವನ್ನು ಕಾರ್ಖಾನೆ ನಡೆಯುತ್ತಿರುವಾಗಲೇ ಬಳಸಿ, ಹೊರಕವಚ ಎಲ್ಲಿ ಹೆಚ್ಚು ಕಾದಿದೆ ನೋಡಿ. ಅಲ್ಲಿ ಒಳಗಿನ ಇಟ್ಟಿಗೆ ಉದುರಿರುವ ಸಾಧ್ಯತೆಯಿದೆ. ಹೊಳೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಲಿನ ಶಾಖವನ್ನು ಪ್ರತಿಫಲಿಸಿ ತಪ್ಪು ಉಷ್ಣತೆ ತೋರಿಸುತ್ತದೆ ಎಂಬುದು ನೆನಪಿರಲಿ.

ಅನುಮತಿಯ ವಿಷಯ: 2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ (ನಕ್ಷೆಯಲ್ಲಿ ಹಾರಾಟಕ್ಕೆ ಮುಕ್ತವೆಂದು ಗುರುತಿಸಿದ ಪ್ರದೇಶ) 400 ಅಡಿಯವರೆಗೆ ಮುನ್ನನುಮತಿ ಬೇಕಿಲ್ಲ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಈ ಮಿತಿ 200 ಅಡಿ. ಹಾಗಾಗಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಕಡಕೊಳದಂಥ ಕಡೆಯವರು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈಯ ನಕ್ಷೆಯನ್ನು ನೋಡದೆ ಹಾರಿಸಕೂಡದು. 250 ಗ್ರಾಂ ಮೀರಿದ ಡ್ರೋನನ್ನು ವಾಣಿಜ್ಯ ಕೆಲಸಕ್ಕೆ ಹಾರಿಸುವವರಲ್ಲಿ ರಿಮೋಟ್ ಪೈಲಟ್ ಪ್ರಮಾಣಪತ್ರವೂ ಡ್ರೋನಿಗೆ ನೋಂದಣಿ ಸಂಖ್ಯೆಯೂ ಇವೆಯೇ ಎಂದು ಕೇಳಿ ನೋಡಿ.

ಗುತ್ತಿಗೆಯಲ್ಲಿ ಒಂದು ಷರತ್ತು ಬರೆಸಿ: ಸಂಕಲಿಸಿದ ವಿಡಿಯೊ ಸಾಲದು, ಎತ್ತರವನ್ನೂ ದಿಕ್ಕನ್ನೂ ಗುರುತಿಸಿದ ಮೂಲ ಚಿತ್ರಗಳನ್ನೇ ಒಪ್ಪಿಸಬೇಕು. ಮುಂದಿನ ಹಂಗಾಮಿನಲ್ಲಿ ಅದೇ ಬಿರುಕು ಬೆಳೆದಿದೆಯೇ ಎಂದು ಹೋಲಿಸಿ ನೋಡಲು ಆ ಚಿತ್ರಗಳೇ ಬೇಕಾಗುತ್ತವೆ.