ಅಮ್ಮ ಎರಡು ಸಲ ಬಿದ್ದಿದ್ದಾರೆ ಅಂದರೆ ಮೊದಲು ಮಾತ್ರೆ ನೋಡಿ
ಮೂರು ತಿಂಗಳಲ್ಲಿ ಅಮ್ಮ ಎರಡು ಸಲ ಬಿದ್ದರು, ಬಚ್ಚಲಿನ ಟೈಲ್ಸ್ ಬದಲಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎರಡೂ ನಡೀತಿದೆ ಅಂದಿರಲ್ವಾ, ನನಗೆ ಅದರ ಮೇಲೇ ಮೊದಲ ಅನುಮಾನ. ಬಿಪಿ ಮಾತ್ರೆಯಿಂದ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು, ನಿದ್ದೆ ಮಾತ್ರೆಯ ಮಂಪರಿನಲ್ಲಿ ಕಾಲು ತಪ್ಪಬಹುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ನಮ್ಮ ಮಡಿಕೇರಿ ಕಡೆ ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ, ಕರೆಂಟೂ ಇರುವುದಿಲ್ಲ. ನನ್ನ ಅತ್ತೆ ಹಾಗೇ ಬಿದ್ದರು. ರಾತ್ರಿ ಹೊರಗಿನ ಬಚ್ಚಲಿಗೆ ಹೊರಟಿದ್ದರು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಸೊಂಟದ ಮೂಳೆ ಮುರಿಯಿತು. ದಿಂಬಿನ ಪಕ್ಕ ಟಾರ್ಚ್ ಇಡಿ, ಕಣ್ಣಲ್ಲಿ ಪೊರೆ ಇದೆಯಾ ತೋರಿಸಿ. ಹೆದರಿಕೊಂಡು ಅವರನ್ನು ಸುಮ್ನೆ ಕೂರಿಸಬೇಡಿ, ಕಾಲಿನ ಶಕ್ತಿ ಹೋಗಿಬಿಡುತ್ತದೆ. ದಿನಾ ಜಗಲಿಯಲ್ಲಿ ಜೊತೆಗಿದ್ದು ನಡೆಸಿ.